ತಮ್ಮನ ಪರವಾಗಿ ನಾನು ಹಾಕಿದ ಸಹಿ

ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ ಟಿವಿ ನೋಡುವುದು ಅಭ್ಯಾಸವಾಯಿತು. ಈಚೆಗೆ ಯಾವ ಚಾನೆಲ್ ಹಾಕಿದರೂ ಸುಂಕದ್ದೇ ಸುದ್ದಿ. ಒಂದು ದೊಡ್ಡ ದೇಶದ ಅಧ್ಯಕ್ಷರು ತಾವೇ ಸಹಿ ಹಾಕಿ ಹೊರಗಿನ ಸರಕಿನ ಮೇಲೆ ಸುಂಕ ಏರಿಸಬಹುದೇ, ಅಥವಾ ಅದಕ್ಕೆ ಅಲ್ಲಿನ ಸಂಸತ್ತು ಕಾನೂನು ಮಾಡಬೇಕೇ ಎಂದು ಕೋಟು ತೊಟ್ಟವರು ಕೂಗಾಡುತ್ತಿರುತ್ತಾರೆ. ಪಕ್ಕದ ಮನೆಯಾಕೆ ಒಂದು ಸಂಜೆ ಬಂದು, "ಸರೋಜಕ್ಕ, ನೀವು ಕಸ್ಟಮ್ಸ್ ಕೆಲಸದಲ್ಲಿ ಇದ್ದೋರಲ್ವಾ, ಏನಿದು ಕಥೆ?" ಎಂದು ಕೇಳಿದರು. ನನಗೇನೂ ಗೊತ್ತಾಗಲ್ಲಮ್ಮ ಎಂದೆ. ಗೊತ್ತಿತ್ತು. ಇದೇ ಪ್ರಶ್ನೆಯನ್ನು ನನ್ನ ತಮ್ಮ ನಾಗರಾಜ ಒಂದು ದಿನ ನನ್ನ ಮುಂದೆ ಇಟ್ಟಿದ್ದ. ನಾನು ನಕ್ಕುಬಿಟ್ಟಿದ್ದೆ.

ನಮ್ಮ ಕಂಪನಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು, "ಮೇಡಂ, ನಿಮ್ಮ ಅನುಭವ ಬರೀರಿ, ನಮಗೆ ಉಪಯೋಗ ಆಗುತ್ತೆ" ಎಂದಿದ್ದರು. ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಓದಿದ್ದು ಒಂಬತ್ತನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ದುಡಿದದ್ದು ಕ್ಲಿಯರಿಂಗ್ ಏಜೆಂಟರ ಕಂಪನಿಯೊಂದರಲ್ಲಿ. ಹಾಗೆಂದರೆ ಏನೆಂದು ಹಲಸೂರಿನ ನಮ್ಮ ಬೀದಿಯಲ್ಲಿ ಯಾರಿಗೂ ಕೊನೆಯವರೆಗೆ ಅರ್ಥವಾಗಲಿಲ್ಲ. ಹೊರದೇಶದಿಂದ ಸರಕು ತರಿಸುವ ವ್ಯಾಪಾರಿ ಒಂದು ಕಡೆ, ಅದಕ್ಕೆ ಸುಂಕ ಕಟ್ಟಿಸಿಕೊಳ್ಳುವ ಸರ್ಕಾರ ಇನ್ನೊಂದು ಕಡೆ. ನಡುವೆ ಕಾಗದ ಹಿಡಿದು ಓಡಾಡುವವರು ನಾವು. ಹಡಗಿನಲ್ಲಿ ಬಂದ ಕಂಟೇನರ್ ರೈಲು ಹತ್ತಿ ಕೆ.ಆರ್. ಪುರದಾಚೆಯ ಡಿಪೋಗೆ ಬರುತ್ತದೆ. ಒಳಗೇನಿದೆ, ಅದರ ಬೆಲೆ ಎಷ್ಟು ಎಂದು ನಾವು ಅರ್ಜಿ ಹಾಕುತ್ತೇವೆ. ಬೆಲೆಯ ಮೇಲೆ ಇಷ್ಟು ಪಾಲು ಸುಂಕ ಎಂದು ಅಧಿಕಾರಿ ನಿರ್ಧರಿಸುತ್ತಾರೆ. ದುಡ್ಡು ಕಟ್ಟಿದ ಮೇಲೆ ಸರಕು ಗೇಟು ದಾಟುತ್ತದೆ. ತಡವಾದಷ್ಟೂ ಡಿಪೋದವರು ಜಾಗದ ಬಾಡಿಗೆ ಹಾಕುತ್ತಾರೆ. ಆದ್ದರಿಂದ ನಮ್ಮ ಕೆಲಸದಲ್ಲಿ ಒಳ್ಳೆಯವರು ಎಂದರೆ ಬೇಗ ಬಿಡಿಸಿಕೊಡುವವರು. ನಾನು ಬಹಳ ಒಳ್ಳೆಯವಳು ಎನಿಸಿಕೊಂಡಿದ್ದೆ.

ಅಮ್ಮ ತೀರಿಹೋದಾಗ ನಾಗನಿಗೆ ಇನ್ನೂ ಚಡ್ಡಿ ಹಾಕುವ ವಯಸ್ಸು. ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಅವನಿಗೆ ಅನ್ನ ಮಾಡಿ ಹಾಕಲು ನಾನು ಶಾಲೆ ಬಿಟ್ಟೆ. ಸ್ವಲ್ಪ ದೊಡ್ಡವನಾದ ಮೇಲೆ ಅವನು ಶಿವಾಜಿನಗರದಲ್ಲಿ ಕನ್ನಡಕದ ಗಾಜಿಗೆ ಸಾಣೆ ಹಿಡಿಯುವ ಅಂಗಡಿಗೆ ಸೇರಿದ, ನಾನು ಕಂಟೋನ್ಮೆಂಟಿನ ಫಿಲಿಪ್ ಸಾರ್ ಕಂಪನಿಗೆ ಸೇರಿದೆ. ಮೊದಲು ನನ್ನ ಕೆಲಸ ಕಾರ್ಬನ್ ಹಾಳೆ ಜೋಡಿಸಿಕೊಡುವುದು. ಬೆರಳೆಲ್ಲ ನೀಲಿ. ಸಂಜೆ ಮನೆಗೆ ಬಂದರೆ ನನ್ನ ಕೈ ನೀಲಿ, ಅವನ ಕೈ ಸಾಣೆಯ ಪುಡಿಯಿಂದ ಬಿಳಿ. "ಅಕ್ಕ, ನಾವಿಬ್ರೂ ಗೋಡೆಗೆ ಸುಣ್ಣ ಹೊಡೆಯೋರ ಥರ ಇದೀವಿ" ಎಂದು ನಗುತ್ತಿದ್ದ.

ಅವನು ಪ್ರತಿಯೊಂದನ್ನೂ ನನ್ನನ್ನು ಕೇಳುತ್ತಿದ್ದ. ಯಾವ ಅಂಗಿ ಕೊಳ್ಳಲಿ, ಮೇಸ್ತ್ರಿ ಬೈದರೆ ಏನು ಹೇಳಲಿ, ಈ ಹುಡುಗಿಯನ್ನು ಮದುವೆಯಾಗಲೇ ಎಂದು ಕೇಳಿಯೇ ಕೇಳುತ್ತಿದ್ದ. ಅಕ್ಕ ಹೇಳಿದರೆ ಮುಗಿಯಿತು.

ಕೆಲಸ ಕಲಿಸಿದವರಲ್ಲಿ ದೊಡ್ಡವರು ಡಿಪೋದಲ್ಲಿದ್ದ ದೇಶಪಾಂಡೆ ಸಾರ್. ಸರಕಿನ ಬೆಲೆ ಕಟ್ಟಿ ಸುಂಕ ಹಾಕುವ ಅಧಿಕಾರಿ, ಅಪ್ರೈಸರ್. ಧಾರವಾಡದ ಕಡೆಯವರು. ಹಣೆ ಗಂಟಿಕ್ಕಿಕೊಂಡೇ ಇರುತ್ತಿದ್ದರು. ಒಂದು ಸಲ ಚರ್ಚಿಗೆಂದು ಗಂಟೆಯೊಂದು ಬಂತು. ಅದನ್ನು ವಾದ್ಯ ಎನ್ನಬೇಕೋ, ಲೋಹದ ಸಾಮಾನು ಎನ್ನಬೇಕೋ ಎಂದು ಜಗಳ. ಎರಡಕ್ಕೂ ಸುಂಕ ಬೇರೆ ಬೇರೆ. ನಾನು "ಸಾರ್, ಬಾರಿಸ್ತಾರಲ್ಲ, ವಾದ್ಯಾನೇ" ಎಂದೆ. ಬಾರಿಸಿ ನೋಡೋಣ ಎಂದು ಯಾರೋ ಬಾರಿಸಿಯೂಬಿಟ್ಟರು. ಶೆಡ್ಡಿನ ಆ ತುದಿಯಿಂದ ಹಮಾಲರೆಲ್ಲ ಊಟದ ಗಂಟೆ ಎಂದುಕೊಂಡು ಡಬ್ಬ ಹಿಡಿದು ಹೊರಟರು. ಅವರನ್ನು ವಾಪಸು ಕರೆಯುವಷ್ಟರಲ್ಲಿ ಸಾಕಾಯಿತು.

ದೇಶಪಾಂಡೆ ಸಾರ್ ನಗಲಿಲ್ಲ. ಸುಂಕದ ದಪ್ಪ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. "ಬಾಯಿಲೆ ಹೇಳಬ್ಯಾಡ ತಂಗಿ. ಪುಸ್ತಕದಾಗ ತೋರಸು."

ಹುಡುಕಿದೆ. ಗಂಟೆ, ಜಾಗಟೆ ಎಂದು ಲೋಹದ ಸಾಮಾನಿನ ಅಧ್ಯಾಯದಲ್ಲೇ ಇತ್ತು.

"ನೋಡು," ಎಂದರು ಅವರು, "ಇದು ದಿಲ್ಲಿಯೊಳಗ ಪಾರ್ಲಿಮೆಂಟಿನ್ಯಾಗ ಪಾಸಾಗಿ ಬಂದದ್ದು. ಹೆಚ್ಚುಕಮ್ಮಿ ಮಾಡೋ ಅಧಿಕಾರ ಸರಕಾರಕ್ಕ ಸ್ವಲ್ಪ ಕೊಟ್ಟಾರ. ಅದನ್ನೂ ಗೆಜೆಟ್ಟಿನ್ಯಾಗ ಅಚ್ಚು ಹಾಕಿ, ಎಲ್ಲಾರಿಗೂ ತಿಳಿಸಿ ಮಾಡಬೇಕು. ನಾ ಈ ಖುರ್ಚಿ ಮ್ಯಾಲೆ ಕುಂತು ಚೀಟಿ ಬರದ್ರ ಅದು ಸುಂಕ ಆಗೂದಿಲ್ಲ."

ನಾನು ತಲೆಯಾಡಿಸಿದೆ. ಆ ಮಾತನ್ನು ಬೇರೆಯವರಿಗೆ ಎಷ್ಟೋ ಸಲ ಕಥೆಯಾಗಿ ಹೇಳಿ ನಗಿಸಿದ್ದೇನೆ, ಅವರ ದನಿಯನ್ನೂ ಅನುಕರಿಸಿ. ಮಾತು ಬಾಯಿಗೆ ಬಂದಿತ್ತು, ಅಷ್ಟೇ.

ದೊಡ್ಡ ತಪ್ಪೊಂದನ್ನೂ ಆ ಕಾಲದಲ್ಲೇ ಮಾಡಿದೆ. ಶಿವಾಜಿನಗರದ ಒಬ್ಬರಿಗೆ ಗುಂಡಿಗಳ ಸರಕು ಬಂದಿತ್ತು, ಅಂಗಿಗೆ ಹೊಲಿಯುವ ಗುಂಡಿ. ಡಜನ್ ಲೆಕ್ಕದ ಬೆಲೆಯನ್ನು ನಾನು ಒಂದೊಂದರ ಬೆಲೆ ಎಂದು ಬರೆದುಬಿಟ್ಟೆ. ಕಂಪ್ಯೂಟರ್ ಇಲ್ಲದ ಕಾಲ. ಬರೆದದ್ದು ಮೇಜಿನಿಂದ ಮೇಜಿಗೆ ಹೋಗಿ ವ್ಯಾಪಾರಿಯ ಕೈಗೆ ಹನ್ನೆರಡರಷ್ಟು ಸುಂಕದ ಚಲನ್ ಬಂತು. ಅವರು ಆಫೀಸಿಗೆ ಬಂದು, "ಏನಮ್ಮ, ನನ್ನ ಗುಂಡಿ ಬಂಗಾರದ್ದಾ?" ಎಂದು ಕೂಗಿದರು. ನಾನು ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ. ಫಿಲಿಪ್ ಸಾರ್ ಎದ್ದು ನಿಂತು, "ನಾನು ಸರಿಯಾಗಿ ನೋಡದೆ ಸಹಿ ಮಾಡಿದೆ. ತಪ್ಪು ನಂದು" ಎಂದರು. ಡಿಪೋಗೂ ತಾವೇ ಹೋಗಿ ತಿದ್ದಿಸಿಕೊಂಡು ಬಂದರು. ನನಗೆ ಹೇಳಿದ್ದು ಇಷ್ಟೇ: "ಊಟ ಮಾಡಿದ್ಯಾ? ಹೋಗಿ ಊಟ ಮಾಡು."

ಆಮೇಲೆ ಇಲಾಖೆಯ ಪರೀಕ್ಷೆ ಬರೆದು ಪಾಸಾದೆ. ವ್ಯಾಪಾರಿಯ ಪರವಾಗಿ ಅಧಿಕಾರಿಯ ಮುಂದೆ ನಿಲ್ಲಲು, ಸಹಿ ಹಾಕಲು ಒಂದು ಕಾರ್ಡ್ ಕೊಡುತ್ತಾರೆ. ನನ್ನ ಫೋಟೋ ಅಂಟಿಸಿದ ಆ ಕಾರ್ಡ್ ಬಂದ ದಿನ ನಾಗ ಅದನ್ನು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದ. ತನಗಾಗಿ ನಾನು ಓದು ಬಿಟ್ಟೆನೆಂಬ ಭಾರ ಅವನ ಮನಸ್ಸಿನಲ್ಲಿ ಇತ್ತು. ಆ ದಿನ ಅದು ಇಳಿದಂತೆ ಕಂಡಿತು.

ಕಂಪ್ಯೂಟರ್ ಬಂತು. ಮೇಜುಗಳು ಕಡಿಮೆಯಾದವು. ಹಳೆಯ ಅಪ್ರೈಸರುಗಳು ನಿವೃತ್ತರಾದರು. ಹೊಸಬರಿಗೆ ಕೆಲಸ ಹೆಚ್ಚು, ಸಮಯ ಕಡಿಮೆ. ಆಗ ಒಂದು ಪದ್ಧತಿ ಬೇರು ಬಿಟ್ಟಿತು. ಹೊಸಬರು ಇದನ್ನು ಗಮನವಿಟ್ಟು ಓದಬೇಕು.

ನೀವು ಹೇಳಿದ ಬೆಲೆಯನ್ನು ಅಧಿಕಾರಿ ಒಪ್ಪದಿದ್ದರೆ, ಯಾಕೆ ಒಪ್ಪಲಿಲ್ಲ ಎಂದು ಕಾರಣ ಬರೆದ ಆದೇಶ ಕೊಡಬೇಕು. ಆ ಆದೇಶವಿದ್ದರೆ ನೀವು ಮೇಲೆ ಹೋಗಿ ಪ್ರಶ್ನಿಸಬಹುದು. ಆದರೆ ಕಾರಣ ಬರೆಯಲು ಅವರಿಗೆ ದಿನ ಹಿಡಿಯುತ್ತದೆ, ಅಷ್ಟು ದಿನ ಕಾಯಲು ನಮಗೆ ಆಗುವುದಿಲ್ಲ. ಅದಕ್ಕೆ ನಾವೇ ಒಂದು ಪತ್ರ ಕೊಡುತ್ತಿದ್ದೆವು. "ನೀವು ಹೆಚ್ಚಿಸಿದ ಬೆಲೆ ನಮಗೆ ಒಪ್ಪಿಗೆ. ನೋಟಿಸ್ ಬೇಡ, ವಿಚಾರಣೆ ಬೇಡ, ಆದೇಶವೂ ಬೇಡ." ಒಪ್ಪಿಗೆ ಪತ್ರ. ಕಂಪ್ಯೂಟರಿನಲ್ಲಿ ಅಚ್ಚು ಸಿದ್ಧವಿರುತ್ತಿತ್ತು, ವ್ಯಾಪಾರಿಯ ಹೆಸರು ಬದಲಾಯಿಸಿದರೆ ಸಾಕು. ವ್ಯಾಪಾರಿಯನ್ನು ಕೇಳಬೇಕೆಂಬುದು ನಿಯಮ. ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ಸಹಿ ಹಾಕು, ಕೊಡು, ಬಿಡಿಸು. ಡಿಪೋದ ಕ್ಯಾಂಟೀನಿನಲ್ಲಿ ಹುಡುಗರು ನನ್ನನ್ನು "ಎಕ್ಸ್‌ಪ್ರೆಸ್ ಅಕ್ಕ" ಎನ್ನುತ್ತಿದ್ದರು. ನನಗೆ ಖುಷಿಯಾಗುತ್ತಿತ್ತು.

ಅಷ್ಟರಲ್ಲಿ ನಾಗ ಸ್ವಂತ ಸಾಣೆ ಅಂಗಡಿ ಇಟ್ಟಿದ್ದ. ಶಿವಾಜಿನಗರದ ಮಾರ್ಕೆಟ್ಟಿನ ಹಿಂದೆ ಒಂದು ಉದ್ದನೆಯ ಕೋಣೆ, ಮೂರು ಯಂತ್ರ, ನಾಲ್ಕು ಜನ ಕೆಲಸದವರು. ಕನ್ನಡಕದ ಗಾಜು ಎನ್ನುತ್ತೇವೆ, ಈಗ ಅದು ಪ್ಲಾಸ್ಟಿಕ್. ದಪ್ಪ ಬಿಲ್ಲೆಗಳಾಗಿ ಚೀನಾದಿಂದ ಬರುತ್ತದೆ. ಅದನ್ನು ಸಾಣೆ ಹಿಡಿದು ಬೇಕಾದ ಪವರಿಗೆ ತಂದು ಅಂಗಡಿಗಳಿಗೆ ಕೊಡಬೇಕು. ಕಷ್ಟದ ಪವರು ಇರುವವರ ಗಾಜು ಅವನ ಹತ್ತಿರವೇ ಬರುತ್ತಿತ್ತು. ಬಿಲ್ಲೆಗಳನ್ನು ದೊಡ್ಡ ವ್ಯಾಪಾರಿಗಳಿಂದ ಕೊಳ್ಳುವ ಬದಲು ತಾನೇ ತರಿಸಲು ಶುರು ಮಾಡಿದ. "ಕ್ಲಿಯರಿಂಗ್ ಯಾರು ಮಾಡ್ತಾರೆ?" ಎಂದು ಕೇಳಿದವರಿಗೆ, "ನಮ್ಮಕ್ಕ ಇದಾರಲ್ಲ" ಎನ್ನುತ್ತಿದ್ದ.

ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಡಿಪೋಗೆ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಗೆಜೆಟ್ಟಿನಲ್ಲಿ ಬಂದದ್ದಲ್ಲ, ಎಲ್ಲೂ ಪ್ರಕಟವಾದದ್ದಲ್ಲ. ಕೆಲವರು ಬೆಲೆ ಕಡಿಮೆ ತೋರಿಸಿ ಮೋಸ ಮಾಡುತ್ತಿದ್ದಾರೆ, ಆದ್ದರಿಂದ ಇನ್ನು ಮುಂದೆ ಲೆನ್ಸ್ ಬಿಲ್ಲೆಗಳಿಗೆ ಇಷ್ಟಕ್ಕಿಂತ ಕಡಿಮೆ ಬೆಲೆ ಒಪ್ಪಬೇಡಿ ಎಂದು ಒಳಗೊಳಗೇ ಕಳಿಸಿದ ಸೂಚನೆ. ಮೋಸ ಮಾಡುವವರು ಇದ್ದದ್ದು ನಿಜ. ಆದರೆ ಆ ಬೆಲೆ ನಾಗ ನಿಜವಾಗಿ ಕೊಟ್ಟ ಬೆಲೆಗೆ ಮೂರರಷ್ಟಿತ್ತು. ಹತ್ತು ರೂಪಾಯಿಯ ಸಾಮಾನಿಗೆ ಮೂವತ್ತು ರೂಪಾಯಿಯ ಸಾಮಾನಿನ ಸುಂಕ. ಅವನ ಸರಕು ಬಂದ ದಿನ ಬೆಳಿಗ್ಗೆ ನಾನು ಎಂದಿನಂತೆ ಅಚ್ಚಿನಲ್ಲಿ ಅವನ ಹೆಸರು ಹಾಕಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಕೊಟ್ಟೆ. ಮಧ್ಯಾಹ್ನ ಅವನ ಅಂಗಡಿಗೆ ಹೋಗಿ ಚಲನ್ ಕೈಗಿಟ್ಟೆ.

ಅವನು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ನೋಡಿದ. "ಅಕ್ಕ, ಎಲ್ಲೋ ತಪ್ಪಾಗಿದೆ ನೋಡು."

"ತಪ್ಪಾಗಿಲ್ಲ. ಬೆಲೆ ಜಾಸ್ತಿ ಹಿಡೀತಿದಾರೆ ಈಗ."

"ನಾನು ಕೊಟ್ಟಿರೋದೇ ಇಷ್ಟು. ಬ್ಯಾಂಕಿಂದ ಹೋಗಿರೋ ದುಡ್ಡು, ಕಣ್ಣಿಗೆ ಕಾಣಲ್ವಾ ಅವರಿಗೆ?"

"ಮೇಲಿಂದ ಆರ್ಡರ್ ಬಂದಿದೆ ಕಣೋ."

"ಮೇಲಿಂದ ಅಂದ್ರೆ ಎಲ್ಲಿಂದ? ಕಾನೂನಾ ಅದು? ಪಾರ್ಲಿಮೆಂಟಲ್ಲಿ ಆಗಿರೋದಾ?"

ನಾನು ನಕ್ಕೆ. ಜೋರಾಗಿಯೇ ನಕ್ಕೆ. "ಓಹೋ, ಲಾಯರ್ ಸಾಹೇಬ್ರು! ನಿನ್ನ ನಾಲ್ಕು ಡಬ್ಬ ಗಾಜಿಗೆ ಪಾರ್ಲಿಮೆಂಟ್ ಸೇರಿಸ್ಬೇಕೇನೋ?"

ಕೆಲಸದವರೂ ನಕ್ಕರು. ನಾಗನೂ ಸ್ವಲ್ಪ ನಕ್ಕ, ಅವರೆದುರು ನಗದೆ ಇರಲಾಗದ್ದಕ್ಕೆ. "ಬೇರೆ ದಾರಿ ಇಲ್ವಾ ಅಕ್ಕ?"

"ಇಲ್ಲ."

"ಹಂಗಾದ್ರೆ ಕಟ್ಟೋಣ ಬಿಡು."

ಬೇರೆ ದಾರಿ ಇತ್ತು. ಅದೇ ಬೀದಿಯಲ್ಲಿ ಇಕ್ಬಾಲ್ ಭಾಯ್ ಎಂಬ ಇನ್ನೊಬ್ಬ ಲೆನ್ಸ್ ವ್ಯಾಪಾರಿ ಇದ್ದರು, ನಮ್ಮ ಕಂಪನಿಗೇ ಬರುತ್ತಿದ್ದರು. ಸೂಚನೆಯ ಸುದ್ದಿ ಕೇಳಿದ ಕೂಡಲೇ ನನಗೆ ಫೋನ್ ಮಾಡಿದರು. "ಸರೋಜಕ್ಕ, ನಮ್ಮ ಸರಕಿಗೆ ಒಪ್ಪಿಗೆ ಗಿಪ್ಪಿಗೆ ಕೊಟ್ಟೀರಾ ಜೋಕೆ. ಯಾವ ಕಾನೂನು ಅಂತ ಬರ್ದು ಕೊಡ್ಲಿ ಸಾಹೇಬ್ರು, ಆಮೇಲೆ ಕಟ್ತೀನಿ." ಅವರ ಸರಕು ಡಿಪೋದಲ್ಲಿ ನಿಂತಿತು. ಬಾಡಿಗೆ ಏರಿತು. ಕ್ಯಾಂಟೀನಿನಲ್ಲಿ ಅವರಿಗೆ "ಸುಪ್ರೀಂ ಕೋರ್ಟ್ ಭಾಯ್" ಎಂದು ಹೆಸರಿಟ್ಟೆವು. ಹೆಸರಿಟ್ಟವರಲ್ಲಿ ನಾನೂ ಒಬ್ಬಳು. ಆಮೇಲೆ ಬಾಂಡ್ ಬರೆದುಕೊಟ್ಟು, ತೀರ್ಮಾನವಾಗುವವರೆಗೆ ಬ್ಯಾಂಕಿನ ಜಾಮೀನು ಇಟ್ಟು ಸರಕು ಬಿಡಿಸಿಕೊಂಡರು. ಹಾಗೆ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಆ ಬಾಂಡಿನ ಕಾಗದ ಹೊತ್ತು ಕಚೇರಿಯಿಂದ ಕಚೇರಿಗೆ ಅಲೆದವಳು ನಾನೇ.

ಹಾಗಿದ್ದ ಮೇಲೆ ತಮ್ಮನಿಗೆ ಯಾಕೆ ಹೇಳಲಿಲ್ಲ? ನಾನು ಇದನ್ನು ಬಹಳ ಯೋಚಿಸಿದ್ದೇನೆ. ಬಾಂಡ್ ಕೊಡುವಾಗ ಆಗಿನ ಅಪ್ರೈಸರ್ ತಲೆಯೆತ್ತದೆ, "ಇನ್ನೊಬ್ರನ್ನ ಹೀಗೆ ಕರ್ಕೊಂಡು ಬಂದ್ರೆ ನಿಮ್ ಕಂಪನಿ ಫೈಲೆಲ್ಲಾ ಅಡಿಗೆ ಹೋಗ್ತವೆ ಮೇಡಂ, ನೋಡ್ಕೊಳ್ಳಿ" ಎಂದಿದ್ದರು. ಫಿಲಿಪ್ ಸಾರ್ ಆಗ ಇರಲಿಲ್ಲ, ಅವರ ಅಳಿಯ ಕಂಪನಿ ನಡೆಸುತ್ತಿದ್ದರು. ಅವರಿಗೆ ಬೇಗ ಆಗಬೇಕು, ಅಷ್ಟೇ. ಇವೆಲ್ಲ ಕಾರಣಗಳು ನಿಜ. ಆದರೆ ಒಳಗಿನ ಕಾರಣ ಇನ್ನೊಂದಿತ್ತು. ಬೇರೆ ಗಿರಾಕಿ ಹಟ ಹಿಡಿದರೆ ನಾನು ಅವರ ಬಾಯಿ ಮುಚ್ಚಿಸಲಾರೆ. ತಮ್ಮನ ಬಾಯಿ ಮುಚ್ಚಿಸಬಲ್ಲೆ. ಸುಲಭವಾಗಿ ಸಿಕ್ಕವನು ಅವನೊಬ್ಬನೇ.

ಹೀಗೆ ಒಂದಾದ ಮೇಲೊಂದು ಸರಕಿಗೆ ನಾನು ಸಹಿ ಮಾಡುತ್ತ ಹೋದೆ, ಅವನು ಕಟ್ಟುತ್ತ ಹೋದ. ಬೆಲೆ ಏರಿಸಿದರೆ ಕನ್ನಡಕದ ಅಂಗಡಿಯವರು ಅವನ ಹತ್ತಿರ ಬರುವುದಿಲ್ಲ, ದೊಡ್ಡ ಕಾರ್ಖಾನೆಗಳ ಸಿದ್ಧ ಗಾಜು ತೆಗೆದುಕೊಳ್ಳುತ್ತಾರೆ. ಒಂದು ಯಂತ್ರ ಮಾರಿದ. ಇಬ್ಬರು ಕೆಲಸದವರನ್ನು ಬಿಡಿಸಿದ. ಅದರಲ್ಲೊಬ್ಬ ಅವನ ಜೊತೆಯಲ್ಲೇ ಕೆಲಸ ಕಲಿತವನು. ಬಿಡಿಸಿದ ದಿನ ನಾಗ ನನ್ನ ಮನೆಗೆ ಬಂದು, "ಅವನಿಗೆ ಕಣ್ಣಲ್ಲಿ ನೀರು ಬರಲಿಲ್ಲ ಅಕ್ಕ, ಬಂದಿದ್ರೆ ಚೆನ್ನಾಗಿತ್ತು" ಎಂದ. ನಾನು ಸಾರು ಬಿಸಿ ಮಾಡಿ ಬಡಿಸಿದೆ.

ಆ ಹೊತ್ತಿಗೆ ಇಕ್ಬಾಲ್ ಭಾಯ್ ಗೆದ್ದರು. ಸುಂಕದ ತಕರಾರು ಕೇಳುವ ಮೇಲಿನ ನ್ಯಾಯಮಂಡಳಿ, ಟ್ರಿಬ್ಯೂನಲ್‌ನವರು, ಸ್ಪಷ್ಟವಾಗಿ ಹೇಳಿದರು. ವ್ಯಾಪಾರಿ ನಿಜವಾಗಿ ಕೊಟ್ಟ ಬೆಲೆಯ ಮೇಲೆ ಸುಂಕ ಹಾಕಬೇಕೆಂಬುದು ಕಾನೂನು. ಆ ಬೆಲೆ ಸುಳ್ಳು ಎನಿಸಿದರೆ ಸುಳ್ಳೆಂದು ತೋರಿಸಿ. ಎಲ್ಲರಿಗೂ ಒಂದೇ ಬೆಲೆ ನಿಗದಿ ಮಾಡಬೇಕೆಂದಿದ್ದರೆ ಕಾನೂನು ಹೇಳಿದ ರೀತಿಯಲ್ಲಿ, ಗೆಜೆಟ್ ಅಧಿಸೂಚನೆ ಹೊರಡಿಸಿ ಮಾಡಿ. ಕಚೇರಿಯೊಳಗಿನ ಪತ್ರ ಜನರ ಮೇಲೆ ಸುಂಕ ಹೇರಲಾರದು. ಇಕ್ಬಾಲ್ ಭಾಯ್ ಆಫೀಸಿಗೆ ಮಿಠಾಯಿ ತಂದರು. "ತಗೊಳ್ಳಿ ಸರೋಜಕ್ಕ, ಸುಪ್ರೀಂ ಕೋರ್ಟ್ ಭಾಯ್ ಕೊಟ್ಟಿದ್ದು" ಎಂದರು. ನಾವಿಟ್ಟ ಹೆಸರು ಅವರಿಗೆ ಗೊತ್ತಿತ್ತು.

ನಾಗನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಬೆಳಕು ಕಂಡೆ. "ಅಕ್ಕ, ನಂದೂ ಅದೇ ಅಲ್ವಾ? ನಂಗೂ ವಾಪಸ್ ಬರುತ್ತಲ್ವಾ?" ಅವನ ಕೊನೆಯ ಸರಕಿಗೆ ಅಪೀಲಿನ ಗಡುವು ಇನ್ನೂ ಉಳಿದಿತ್ತು. ಅದರಲ್ಲಿ ಗೆದ್ದರೆ ಉಳಿದದ್ದಕ್ಕೂ ದಾರಿಯಾಗಬಹುದು ಎಂದು ಅವನು ಹಿಡಿದ ವಕೀಲರು ಹೇಳಿದರು. ಇರುವ ಎರಡು ಯಂತ್ರ ಉಳಿಯುವುದೂ ಹೋಗುವುದೂ ಅದರ ಮೇಲೆಯೇ ನಿಂತಿತ್ತು. ಒಪ್ಪಿಗೆ ಪತ್ರದ ವಿಷಯ ಆಗಲಾದರೂ ಹೇಳಬಹುದಿತ್ತು. ಫೈಲಿನ ಎಲ್ಲೋ ಮೂಲೆಯಲ್ಲಿ ಇದೆ, ಯಾರು ನೋಡುತ್ತಾರೆ ಎಂದುಕೊಂಡೆ. ಕಾಗದದ ನಡುವೆಯೇ ಬಾಳಿದ ನಾನು ಹಾಗೆ ಅಂದುಕೊಂಡೆ.

ವಿಚಾರಣೆಯ ದಿನ ನಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಅಪೀಲು ಕೇಳುವ ಕಮಿಷನರ್ ಸಮಾಧಾನದ ಮನುಷ್ಯ, ಎಲ್ಲರನ್ನೂ ಕೂರಿಸಿ ಮಾತನಾಡಿಸಿದರು. ವಕೀಲರು ಇಕ್ಬಾಲ್ ಭಾಯ್ ತೀರ್ಪನ್ನು ಮುಂದಿಟ್ಟರು. ಕಮಿಷನರ್ ಅದನ್ನು ಓದಿ, "ಇದು ಸರಿ ಇದೆ. ಆದ್ರೆ ಅವರು ಒಪ್ಪಿರಲಿಲ್ಲ. ನೀವು ಒಪ್ಪಿದೀರಲ್ಲ" ಎಂದು ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು.

ನಾಗನಿಗೆ ಇಂಗ್ಲಿಷ್ ನಿಧಾನ. ಬೆರಳಿಟ್ಟು ಓದಿದ. ಕೆಳಗಿನ ಸಹಿಗೆ ಬಂದಾಗ ಬೆರಳು ನಿಂತಿತು.

"ಅಮ್ಮ, ಇದು ನಿಮ್ಮ ಸಹಿನಾ?" ಎಂದು ಕಮಿಷನರ್ ನನ್ನನ್ನು ಕೇಳಿದರು.

"ಹೌದು ಸರ್."

ಅವರು ನಾಗನ ಕಡೆ ತಿರುಗಿದರು. "ನಾಗರಾಜ್ ಅವರೇ, ಯೋಚನೆ ಮಾಡಿ ಹೇಳಿ. ಈ ಪತ್ರ ಕೊಡಿ ಅಂತ ನೀವು ಹೇಳಿದ್ರಾ? ನಿಮಗೆ ಗೊತ್ತಿಲ್ಲದೆ ಕೊಟ್ಟಿದ್ರೆ ನಾನು ಇದನ್ನ ಪಕ್ಕಕ್ಕಿಟ್ಟು ನಿಮ್ಮ ಕೇಸು ನೋಡ್ಬಹುದು. ಆದ್ರೆ ಆಗ ಸಹಿ ಮಾಡಿದವರ ಮೇಲೆ ಬೇರೆ ವಿಚಾರಣೆ ಆಗುತ್ತೆ. ಅವರ ಕಾರ್ಡ್ ಹೋಗ್ಬಹುದು."

ನಾಗ ನನ್ನನ್ನು ನೋಡಿದ. ಕೋಪವಿರಲಿಲ್ಲ. ಏನನ್ನೋ ಕಾಯುತ್ತಿರುವವನ ಹಾಗೆ ನೋಡಿದ. ಆಮೇಲೆ ಹೇಳಿದ, "ನಾನೇ ಹೇಳಿದ್ದು ಸರ್."

ಕಮಿಷನರ್ ಪೆನ್ನು ಕೆಳಗಿಟ್ಟರು. ಅವರಿಗೆ ನಂಬಿಕೆಯಾಗಲಿಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು. ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು, "ಹೌದೇನಮ್ಮ?"

ನನ್ನ ಕೈ ಚೀಲದ ಮೇಲಿತ್ತು. ಒಳಗೆ ಕಾರ್ಡ್ ಇತ್ತು. ನಿವೃತ್ತಿಗೆ ಇನ್ನೂ ಕೆಲವು ವರ್ಷ ಉಳಿದಿತ್ತು.

"ಹೌದು ಸರ್" ಎಂದೆ.

ಕಾನೂನಿಗೆ ವಿರುದ್ಧವಾದುದನ್ನು ಒಬ್ಬ ಒಪ್ಪಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ ಎಂದು ವಕೀಲರು ವಾದಿಸಿದರು. ಒಳ್ಳೆಯ ವಾದವೇ. ಟ್ರಿಬ್ಯೂನಲ್‌ವರೆಗೆ ಹೋಗಿದ್ದರೆ ಏನಾಗುತ್ತಿತ್ತೋ. ಅಲ್ಲಿಯವರೆಗೆ ಹೋಗುವ ಶಕ್ತಿ ನಾಗನಲ್ಲಿ ಉಳಿದಿರಲಿಲ್ಲ. ತಾನೇ ಒಪ್ಪಿ ಕಟ್ಟಿದ್ದ ಬೆಲೆಯ ಬಗ್ಗೆ ವಿವಾದವೇ ಇಲ್ಲ ಎಂದು ಅಪೀಲು ವಜಾ ಆಯಿತು.

ಹೊರಗೆ ಬಂದು ಶಿವಾಜಿನಗರದ ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದೆವು. ಅವನು ಏನಾದರೂ ಅನ್ನಲಿ ಎಂದು ಕಾಯುತ್ತಿದ್ದೆ. ಬೈಯಲಿ, ಜನರ ಮುಂದೆಯೇ ಬೈಯಲಿ. "ನಿನ್ ಬಸ್ಸು ಬಂತು ನೋಡಕ್ಕ, ಹತ್ತು" ಎಂದ. ಹತ್ತಿದೆ.

ಅಂಗಡಿ ಮುಚ್ಚಿತು. ನಾಗ ರಾಮಮೂರ್ತಿ ನಗರದಲ್ಲಿ ಚಿಕ್ಕ ಬಾಡಿಗೆ ಮನೆಗೆ ಹೋದ. ಇಂದಿರಾನಗರದ ದೊಡ್ಡ ಕನ್ನಡಕದ ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಗಾಜು ಸಿದ್ಧವಾಗಿ ಬರುತ್ತದೆ, ಅವನು ಫ್ರೇಮಿಗೆ ಕೂರಿಸಿ ಗಿರಾಕಿಯ ಮೂಗಿಗೆ ಸರಿಮಾಡಿ ಕೊಡಬೇಕು. ಅವನು ನನ್ನ ಜೊತೆ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಬರುತ್ತಾನೆ, ಊಟ ಮಾಡುತ್ತಾನೆ, ನನ್ನ ಮಂಡಿ ನೋವು ವಿಚಾರಿಸುತ್ತಾನೆ. ಆದರೆ ಏನನ್ನೂ ಕೇಳುವುದಿಲ್ಲ. ಮನೆ ಬದಲಾಯಿಸಿದ್ದು ಬದಲಾಯಿಸಿದ ಮೇಲೆ ಗೊತ್ತಾಯಿತು. ಮಗಳ ಮದುವೆ ನಿಶ್ಚಯವಾದದ್ದು ನಿಶ್ಚಯವಾದ ಮೇಲೆ ಗೊತ್ತಾಯಿತು. ಅವನಿಗೆ ಹೊಟ್ಟೆಯ ಆಪರೇಷನ್ ಆದದ್ದನ್ನು ಅವನ ಹೆಂಡತಿ ಆಸ್ಪತ್ರೆಯಿಂದ ಫೋನ್ ಮಾಡಿ ಹೇಳಿದಳು. ಬಾಲ್ಯದಿಂದ ಕೇಳುತ್ತ ಬಂದಿದ್ದ "ಏನ್ ಮಾಡ್ಲಿ ಅಕ್ಕ" ಎಂಬ ಮಾತು ಬಸ್ ನಿಲ್ದಾಣದ ಆ ದಿನದ ನಂತರ ಮತ್ತೆ ನನ್ನ ಕಿವಿಗೆ ಬಿದ್ದಿಲ್ಲ.

ನಾನು ಉಳಿದ ವರ್ಷಗಳನ್ನು ಮುಗಿಸಿದೆ. ಕೆಲಸವೂ ಬದಲಾಯಿತು. ಈಗ ಅಪ್ರೈಸರ್ ಎದುರಿಗೆ ಇರುವುದಿಲ್ಲ, ಬೇರೆ ಯಾವುದೋ ಊರಿನಲ್ಲಿ ಕುಳಿತು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಮುಖವೂ ಇಲ್ಲ, ಹೆಸರೂ ಇಲ್ಲ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಉತ್ತರ ಬರೆಯಬೇಕು. "ಬೆಲೆ ಹೆಚ್ಚಿಸಲು ಒಪ್ಪಿಗೆಯೇ?" ಎಂದೂ ಅಲ್ಲೇ ಕೇಳುತ್ತಾರೆ. ಒಪ್ಪಿಗೆ ಎಂದು ಒತ್ತಲು ಒಂದು ಕ್ಷಣ ಸಾಕು. ಹೊಸಬರೇ, ನಾನು ಹೇಳುವುದು ಇಷ್ಟೇ. ಒತ್ತುವ ಮುಂಚೆ ಸರಕಿನ ಒಡೆಯನಿಗೆ ಫೋನ್ ಮಾಡಿ. ಯಾವ ಅಧಿಸೂಚನೆ, ಯಾವ ಕಲಮು ಎಂದು ಎದುರಿನವರನ್ನು ಕೇಳಿ. ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ, ನಿಮ್ಮ ಫೈಲು ಕೆಳಗೆ ಹೋಗುತ್ತದೆ, ಕಂಪನಿಯವರು ಬೈಯುತ್ತಾರೆ. ಇವೆಲ್ಲ ಆಗಿಯೇ ಆಗುತ್ತವೆ. ಆದರೂ ಕೇಳಿ. ಸರ್ಕಾರಕ್ಕೆ ಕಾನೂನು ಹಾಕಿದ ಗೆರೆ ಇದೆ, ಅದನ್ನು ದಾಟಿದರೆ ಕೋರ್ಟು ಹಿಂದಕ್ಕೆ ಕಳಿಸುತ್ತದೆ. ಆದರೆ ದಾಟಲು ಬಿಟ್ಟವರು ನಾವೇ ಆಗಿದ್ದರೆ ಕೋರ್ಟಿನ ತೀರ್ಪು ಬಂದರೂ ನಮ್ಮವರ ಪಾಲಿಗೆ ಬರುವುದಿಲ್ಲ.

ಕೆಲಸ ಬಿಟ್ಟ ಮೇಲೆ ಕಾರ್ಡ್ ವಾಪಸು ಕೊಟ್ಟೆ. ಇನ್ನು ನನ್ನಿಂದ ಕಿತ್ತುಕೊಳ್ಳಲು ಏನೂ ಇಲ್ಲ ಎನಿಸಿದಾಗ ಧೈರ್ಯ ಬಂತು. ಎಂಥ ಧೈರ್ಯವೋ. ಒಂದು ಮಧ್ಯಾಹ್ನ ಬಸ್ ಹಿಡಿದು ಇಂದಿರಾನಗರದ ಆ ಶೋರೂಮಿಗೆ ಹೋದೆ.

ಒಳಗೆ ತಣ್ಣಗೆ, ಕಣ್ಣು ಕೋರೈಸುವ ದೀಪ. ನಾಗ ಕಪ್ಪು ಟೀ ಶರ್ಟ್ ಹಾಕಿದ್ದ, ಎದೆಯ ಮೇಲೆ ಹೆಸರಿನ ಪಟ್ಟಿ. ನೋಡಿದ ಕೂಡಲೇ ಹತ್ತಿರ ಬಂದು ಮೆಲ್ಲಗೆ, "ಸ್ಟಾಫ್ ಮನೆಯವರು ಬಂದು ಮಾತಾಡ್ತಾ ಕೂರೋ ಹಾಗಿಲ್ಲ ಅಕ್ಕ, ಮ್ಯಾನೇಜರ್ ನೋಡ್ತಿದಾಳೆ" ಎಂದ. ಆಮೇಲೆ ಜೋರಾಗಿ, "ಬನ್ನಿ ಮೇಡಂ, ಕೂತ್ಕೊಳ್ಳಿ. ಹಳೇ ಪವರ್ ಎಷ್ಟಿತ್ತು?"

ಕುಳಿತೆ. ನನಗೂ ಓದುವ ಕನ್ನಡಕ ಬದಲಿಸಬೇಕಿತ್ತು. ಅವನು ಕಣ್ಣಿನ ನಡುವಿನ ಅಂತರ ಅಳೆಯಲು ಒಂದು ಸಣ್ಣ ಅಳತೆಪಟ್ಟಿ ಹಿಡಿದು ನನ್ನ ಮುಖದ ಹತ್ತಿರ ಬಾಗಿದ. ಅಷ್ಟು ಹತ್ತಿರದಿಂದ ಅವನನ್ನು ನೋಡಿ ವರ್ಷಗಳಾಗಿದ್ದವು. ಹುಬ್ಬು ಬೆಳ್ಳಗಾಗಿತ್ತು.

"ನಾಗ, ಆ ಪತ್ರ ನಾನು ನಿನ್ನ ಕೇಳ್ದೆ ಕೊಟ್ಟೆ" ಎಂದೆ. "ಎಲ್ಲಾ ಸರಕಿಗೂ ಕೊಟ್ಟೆ. ಬಾಂಡ್ ಕೊಡ್ಬಹುದು ಅಂತ ಗೊತ್ತಿತ್ತು. ಇಕ್ಬಾಲ್ ಭಾಯ್‌ದು ನಾನೇ ಮಾಡಿಸ್ದೆ. ನಿಂಗೆ ಹೇಳ್ಲಿಲ್ಲ."

"ತಲೆ ಅಲ್ಲಾಡಿಸ್ಬೇಡಿ ಮೇಡಂ."

"ಆವತ್ತು ನನ್ನ ಕಾರ್ಡ್ ಉಳಿಸೋಕೆ ನೀನು ನಿನ್ನ ಅಂಗಡಿ ಕಳ್ಕೊಂಡೆ. ನಾನೂ ಹೌದು ಅಂದ್ಬಿಟ್ಟೆ. ನಿನ್ನ ಕಾಲಿಗೆ ಬೀಳಬೇಕು ಅಂತ ಬಂದೆ ಕಣೋ."

ಅವನು ಅಳತೆಪಟ್ಟಿ ಇಳಿಸಿದ. ಬರೆದುಕೊಳ್ಳಬೇಕಾದ್ದನ್ನು ಬರೆದುಕೊಂಡ. ನನ್ನ ಕಡೆ ನೋಡದೆ, ತುಟಿಯಲ್ಲೇ ಮಾತಾಡಿದ.

"ನಾನು ಹಾಗೆ ಹೇಳಿದ್ದು ನಿನ್ನ ಉಳಿಸೋಕಲ್ಲ ಅಕ್ಕ. ಆಮೇಲೆ ನಿನ್ನನ್ನೂ ಕೇಳ್ತಾರೆ ಅಂತ ಗೊತ್ತಿತ್ತು. ನೀನು ಎದ್ದು ಇಲ್ಲ ಅಂತೀಯ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಮ್ಯಾನೇಜರ್ ಹುಡುಗಿ ಆ ಕಡೆಯಿಂದ ಕರೆದಳು, "ನಾಗರಾಜ್, ಬಿಲ್ಲಿಂಗ್ ಹತ್ರ ಬನ್ನಿ." ಅವನು "ಬಂದೆ ಮೇಡಂ" ಎಂದು ಎದ್ದ. ನನಗೆ, ಎಲ್ಲ ಗಿರಾಕಿಗಳಿಗೂ ಹೇಳುವ ಹಾಗೆ, "ರೆಡಿ ಆದ್ಮೇಲೆ ಫೋನ್ ಬರುತ್ತೆ, ಬಂದು ತಗೊಂಡು ಹೋಗಿ" ಎಂದ.

ಫೋನ್ ಬಂದು ಬಹಳ ದಿನವಾಯಿತು. ನಾನಿನ್ನೂ ಹೋಗಿಲ್ಲ.